ಒಂದು ಜಾತಿಯ ಮರ

ಅಮರಕೋಶದ ವನೌಷಧಿವರ್ಗವನ್ನು ಬಾಲ್ಯದಲ್ಲಿಯೇ ಕಂಠಪಾಠ ಮಾಡಿದವನು ನಾನು. ಮರಗಳ ಪರ್ಯಾಯನಾಮಗಳನ್ನು ನಿದ್ದೆಯಿಂದೆಬ್ಬಿಸಿ ಕೇಳಿದರೂ ಹೇಳಬಲ್ಲೆನೆಂಬ ಹೆಮ್ಮೆ ನನಗಿತ್ತು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ವನವರ್ಣನೆಯ ಪದ್ಯವೊಂದನ್ನು ವಿವರಿಸುತ್ತ, ಪೀತಸಾಲವೆಂದರೆ ‘ಒಂದು ಜಾತಿಯ ಮರ’ ಎಂದು ಅರ್ಥ ಬರೆಯಿಸಿದಾಗ, ಹಿಂದಿನ ಸಾಲಿನ ಬಾಲಕನೊಬ್ಬನು ಎದ್ದು ‘ಯಾವ ಜಾತಿಯದು ಗುರುಗಳೇ?’ ಎಂದನು. ಮತ್ತೆ ಮೂರು ಪರ್ಯಾಯಪದಗಳನ್ನು ಹೇಳಿ ಅವನನ್ನು ಕೂರಿಸಿದೆನು. ಅದು ಉತ್ತರವಲ್ಲವೆಂಬುದು ಅವನಿಗೂ ತಿಳಿದಿತ್ತು, ನನಗೂ ತಿಳಿದಿತ್ತು.

ನಿಘಂಟನ್ನು ತೆರೆದಾಗ ಅದು ನಮ್ಮ ಹೊನ್ನೆಯೆಂದು ತಿಳಿಯಿತು. ಆದರೆ ಹೊನ್ನೆಯನ್ನಾದರೂ ನಾನು ಕಂಡಿದ್ದೆನೆ? ಪರಿಚಿತರಾದ ವೃದ್ಧ ಬಡಗಿಯೊಬ್ಬರಲ್ಲಿಗೆ ಹೋದೆನು. ಅವರು ಹೊನ್ನೆಯ ಚೇಗಿನ ತುಂಡೊಂದನ್ನು ಕೈಗಿತ್ತು, ‘ಇದರ ಹೊಟ್ಟನ್ನು ನೀರಿನಲ್ಲಿ ನೆನೆಸಿ ಬಿಸಿಲಿಗೆ ಹಿಡಿದು ನೋಡಿರಿ, ಸ್ವಾಮಿ’ ಎಂದರು. ನೀರು ಹಳದಿಗೂಡಿದ ಕಂದುಬಣ್ಣ ತಳೆದು, ಓರೆಯಾಗಿ ನೋಡಿದರೆ ನೀಲಿಯ ಛಾಯೆಯನ್ನು ಸೂಸಿತು. ‘ಪೀತ’ ಎಂಬ ವಿಶೇಷಣವು ನಲವತ್ತು ವರ್ಷಗಳ ತರುವಾಯ ನನಗೆ ಕಣ್ಣಾರೆ ಅರ್ಥವಾಯಿತು. (ಸುರಹೊನ್ನೆಯು ಬೇರೆಯೇ ಮರ, ಹೆಸರಿನ ಸಾಮ್ಯಕ್ಕೆ ಮೋಸಹೋಗಬಾರದು.)

ಅಂದಿನಿಂದ ಈ ಹವ್ಯಾಸ ಬೆಳೆಯಿತು. ಇದಕ್ಕಾಗಿ ಯಾವ ಮರವನ್ನೂ ಕಡಿಯಬೇಕಾಗಿಲ್ಲ. ಬಡಗಿಯ ಮನೆಯ ಕತ್ತರಿಕೆಗಳು, ಗಾಳಿಗೆ ಮುರಿದ ಕೊಂಬೆಗಳು, ಕೆಡವಿದ ಹಳೆಯ ಮನೆಗಳ ತೊಲೆ ಜಂತೆಗಳು ಸಾಕು. ಗೇಣುದ್ದದ ತುಂಡಿನ ಒಂದು ಮುಖವನ್ನು ಕೀಸುಳಿಯಿಂದ ನಯಗೊಳಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟರೆ ಮರದ ಗುಣ ತೋರುತ್ತದೆ. ಹಾಲೆಯು ಬಿಳುಪು, ಎಳೆ ಸಮ; ಆದುದರಿಂದಲೇ ಚನ್ನಪಟ್ಟಣದ ಕುಶಲಿಗರು ಅದನ್ನು ತಿರುಗಣೆಗೆ ಹಾಕಿ ಅರಗಿನ ಬಣ್ಣವೇರಿಸುತ್ತಾರೆ. ಹಲಸಿನ ಹಳದಿಯು ಕಾಲಕ್ರಮದಲ್ಲಿ ಕಂದಾಗುತ್ತದೆ; ತಂಜಾವೂರಿನ ವೀಣೆಯ ಕೊಡವು ಇದರದೇ. ಮೈಸೂರಿನ ಕೆತ್ತಿ ಕೂರಿಸುವ ಚಿತ್ರಗಳಿಗೆ ಬೀಟೆಯ ಕಪ್ಪುಗೆರೆಯ ಕಂದುಬಣ್ಣವೇ ಹಿನ್ನೆಲೆ. ಸಾಗರ ಸೊರಬಗಳ ಗುಡಿಗಾರರ ಕೈಯಲ್ಲಿ ಸಾಸಿವೆಯಷ್ಟು ಸೂಕ್ಷ್ಮವಾದ ಕೆತ್ತನೆಯನ್ನು ತಾಳಿಕೊಳ್ಳುವ ಶ್ರೀಗಂಧದಲ್ಲಿಯೂ ಪರಿಮಳವಿರುವುದು ಚೇಗಿನಲ್ಲಿ, ಹೊರಗಿನ ಬಿಳಿಮರದಲ್ಲಲ್ಲ. 2001ರ ತಿದ್ದುಪಡಿಯಿಂದ ಗಂಧದ ಮರವು ಭೂಮಾಲೀಕನ ಸ್ವತ್ತಾಯಿತಾದರೂ ಕಡಿಯಲು ಅನುಮತಿ ಬೇಕು. ಮೂಲ ತಿಳಿಯದ ಗಂಧದ ತುಂಡನ್ನು ಯಾರಿತ್ತರೂ ನಾನು ಸ್ವೀಕರಿಸುವುದಿಲ್ಲ.

ಕೆತ್ತನೆಯ ವಿಷಯದಲ್ಲಿ ನಾನಿನ್ನೂ ಅಕ್ಷರಾಭ್ಯಾಸದ ಹಂತದವನು. ಹಸಿಯ ಬೇವಿನ ಕೊರಡಿನಲ್ಲಿ ಉಳಿ ಕೊಡತಿಗಳನ್ನು ಹಿಡಿದು ತಿಂಗಳೊಪ್ಪತ್ತು ಶ್ರಮಿಸಿ ಒಂದು ಬಸವನನ್ನು ಕೆತ್ತಿದೆನು. ಅದು ವಾರದೊಳಗೆ ಕೊರಳಿನಿಂದ ಬಾಲದವರೆಗೆ ಸೀಳಿತು. ಬಡಗಿಯವರು ನಗಲಿಲ್ಲ, ಕಾರಣವನ್ನು ತಿಳಿಸಿದರು. ಮರವು ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ನಡುವಿನಿಂದ ತೊಗಟೆಯ ಕಡೆಗೆ ಕುಗ್ಗುವುದಕ್ಕಿಂತ ಉಂಗುರಗಳ ಗುಂಟ ಸುಮಾರು ಎರಡರಷ್ಟು ಕುಗ್ಗುತ್ತದೆ. ಆ ಸೆಳೆತಕ್ಕೆ ಇಡಿಯ ಕೊರಡು ಬಿರಿಯದೆ ಮತ್ತೇನು ಮಾಡೀತು? ಕೊರಡನ್ನು ನಡುವೆ ಸೀಳಿ, ದಿಂಡನ್ನು ತೆಗೆದು, ತುದಿಗಳಿಗೆ ಮೇಣ ಬಳಿದು, ನೆರಳಿನಲ್ಲಿ ತಿಂಗಳುಗಟ್ಟಲೆ ಕಾಯಬೇಕು. ಸೀಳಿದ ಬಸವನನ್ನು ನಾನು ಎಸೆದಿಲ್ಲ, ಪಾಠಕ್ಕೆ ಒದಗುತ್ತಾನೆ.

ಈಗ ವನವರ್ಣನೆ ಬಂದಾಗ ಪೆಟ್ಟಿಗೆಯು ತರಗತಿಗೆ ಬರುತ್ತದೆ. ಹುಡುಗರು ಮುಟ್ಟಿ, ಮೂಸಿ, ತೂಗಿ ನೋಡುತ್ತಾರೆ. ಮೂರು ತುಂಡುಗಳ ಗುರುತು ಮಾತ್ರ ನನಗಾಗಲಿ ಬಡಗಿಯವರಿಗಾಗಲಿ ಇದುವರೆಗೆ ಸಿಕ್ಕಿಲ್ಲ. ಅವುಗಳ ಚೀಟಿಯಲ್ಲಿ ‘ಒಂದು ಜಾತಿಯ ಮರ’ ಎಂದೇ ಬರೆದಿದ್ದೇನೆ. ಮಲೆನಾಡಿನ ಕಡೆಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ಶಾಲೆಗೆ ಬಂದಾಗ ದಯವಿಟ್ಟು ಅವುಗಳನ್ನೊಮ್ಮೆ ನೋಡಬೇಕು.