ವೈದ್ಯರ ಸಹಿಯೋ, ಸ್ವಂತ ಸಹಿಯೋ?

ಮೈಸೂರಿನಿಂದ ನಂಜನಗೂಡಿಗೆ ನಿತ್ಯ ಓಡಾಡುವ ನಮ್ಮ ಸದಸ್ಯರಿಗೆ ಮಂಡಕಳ್ಳಿ ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಹಾರುವ ಪುಟ್ಟ ತರಬೇತಿ ವಿಮಾನಗಳ ಸದ್ದು ಈಗ ಹೊಸತಲ್ಲ. ಅಂತಹ ವಿಮಾನವನ್ನು ಹಾರಿಸಲು ಕಲಿಯುವವನು, ಮುಂದೆ ಕೇವಲ ಹವ್ಯಾಸಕ್ಕಾಗಿ ಖಾಸಗಿ ಪೈಲಟ್ ಪರವಾನಗಿ ಪಡೆಯಬೇಕೆಂದಿದ್ದರೂ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಮಾನ್ಯ ಮಾಡಿದ ವೈದ್ಯರಿಂದ ಎರಡನೇ ದರ್ಜೆಯ ವೈದ್ಯಕೀಯ ಪ್ರಮಾಣಪತ್ರವನ್ನು ಪಡೆಯಲೇಬೇಕು. ವೃತ್ತಿಪರ ಪೈಲಟ್‌ಗಳಿಗಾದರೆ ಮೊದಲನೇ ದರ್ಜೆ. ಕೆಳಗೆ ಅದೇ ರಸ್ತೆಯಲ್ಲಿ ಸ್ವಂತ ಕಾರಿನ ಪರವಾನಗಿಗೆ ಅರ್ಜಿ ಹಾಕುವ ಯುವಕನಿಗೆ ಮಾತ್ರ ಅವನದೇ ಸಹಿ ಸಾಕು.

ಹವ್ಯಾಸಿ ಪೈಲಟ್‌ಗಳಿಗೆ ಇಂತಹ ಪ್ರಮಾಣಪತ್ರ ಅವಶ್ಯವೇ ಎಂಬ ಪ್ರಶ್ನೆ ಹೊರದೇಶಗಳಲ್ಲಿ ಬಹಳ ವರ್ಷ ಚರ್ಚೆಯಾಯಿತು. ಇದು ನಮ್ಮ ವರ್ತಕರಿಗೆ ಸಂಬಂಧಿಸದ ವಿಷಯವೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಅದೇ ಪ್ರಶ್ನೆ 2024ರ ನವೆಂಬರ್‌ನಲ್ಲಿ ಬೇರೊಂದು ರೂಪದಲ್ಲಿ ನಮ್ಮ ಗೋದಾಮುಗಳ ಬಾಗಿಲಿಗೇ ಬಂದು ನಿಂತಿರುವುದರಿಂದ ಅದನ್ನು ಮೊದಲಿನಿಂದ ವಿವರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದ ಪ್ರಕಾರ ಖಾಸಗಿ ಪೈಲಟ್‌ನ ವೈದ್ಯಕೀಯ ಪ್ರಮಾಣಪತ್ರಕ್ಕೆ 60 ತಿಂಗಳ ಅವಧಿ. ವಯಸ್ಸು 40 ದಾಟಿದರೆ 24 ತಿಂಗಳು. ಅಮೆರಿಕವು 2016ರಲ್ಲಿ ಕಾನೂನು ಮಾಡಿ, 2017ರ ಮೇ 1ರಿಂದ ಈ ಕಟ್ಟಳೆಯನ್ನು ಸಡಿಲಿಸಿತು. ಹಿಂದೆ ಒಮ್ಮೆಯಾದರೂ ವಿಮಾನಯಾನ ವೈದ್ಯರ ಪ್ರಮಾಣಪತ್ರ ಪಡೆದಿದ್ದವರು, ಊರ್ಜಿತವಾದ ಕಾರಿನ ಪರವಾನಗಿಯನ್ನು ಹೊಂದಿ, ನಾಲ್ಕು ವರ್ಷಕ್ಕೊಮ್ಮೆ ಸಾಮಾನ್ಯ ವೈದ್ಯರಿಂದ ತಪಾಸಣೆ ಮಾಡಿಸಿಕೊಂಡು, ಎರಡು ವರ್ಷಕ್ಕೊಮ್ಮೆ ಒಂದು ಆರೋಗ್ಯ ಪಾಠವನ್ನು ಮುಗಿಸಿದರೆ ಸಣ್ಣ ವಿಮಾನವನ್ನು ಹಾರಿಸಬಹುದು, ಬಾಡಿಗೆಗೆ ಹಾರಿಸುವಂತಿಲ್ಲ. ಬ್ರಿಟನ್ 2016ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಲವು ಬಗೆಯ ಹವ್ಯಾಸಿ ಹಾರಾಟಗಳಿಗೆ ಸ್ವಯಂ ಘೋಷಣೆಯನ್ನೇ ಒಪ್ಪಿಕೊಂಡಿತು. ವಿಮಾನಗಳು ಬೀಳಲಾರಂಭಿಸುತ್ತವೆ ಎಂದು ಹೆದರಿದ್ದವರಿದ್ದರು. ಹಾಗಾಗಲಿಲ್ಲ. ಹಳೆಯ ಪ್ರಮಾಣಪತ್ರ ಉಳ್ಳವರ ಮತ್ತು ಹೊಸ ಪದ್ಧತಿಯವರ ಅಪಘಾತ ಪ್ರಮಾಣದಲ್ಲಿ ಗಣನೀಯ ವ್ಯತ್ಯಾಸ ಕಂಡುಬಂದಿಲ್ಲವೆಂದು ಅಮೆರಿಕದ ವಿಮಾನಯಾನ ಪ್ರಾಧಿಕಾರವೇ ಅಲ್ಲಿನ ಸಂಸತ್ತಿಗೆ ವರದಿ ಮಾಡಿತು.

ಇದಕ್ಕೆ ಕಾರಣವನ್ನು ಊಹಿಸುವುದು ನಮ್ಮಂತಹ ಲೆಕ್ಕಪರಿಶೋಧಕರಿಗೆ ಕಷ್ಟವಲ್ಲ. ಪ್ರಮಾಣಪತ್ರವು ತಪಾಸಣೆಯಾದ ದಿನದ ಸ್ಥಿತಿಯನ್ನು ಮಾತ್ರ ಹೇಳುತ್ತದೆ, ಮಾರ್ಚ್ 31ರ ಆಸ್ತಿ ಹೊಣೆ ಪಟ್ಟಿಯ ಹಾಗೆ. ಮುಂದಿನ ತಿಂಗಳುಗಳಲ್ಲಿ ಏನಾಯಿತೆಂದು ತಿಳಿದಿರುವವನು ಹಾರಿಸುವವನೊಬ್ಬನೇ. ಅಲ್ಲದೆ, ಪ್ರಮಾಣಪತ್ರ ಕೈತಪ್ಪುವ ಭಯವಿದ್ದಲ್ಲಿ ಮನುಷ್ಯ ಕಾಯಿಲೆಯನ್ನು ವೈದ್ಯರಿಂದಲೇ ಮುಚ್ಚಿಡುತ್ತಾನೆ, ಚಿಕಿತ್ಸೆಯನ್ನೂ ಪಡೆಯುವುದಿಲ್ಲ. 2015ರ ಮಾರ್ಚ್ 24ರಂದು ಜರ್ಮನ್‌ವಿಂಗ್ಸ್ ವಿಮಾನವನ್ನು ಆಲ್ಪ್ಸ್ ಪರ್ವತಕ್ಕೆ ಅಪ್ಪಳಿಸಿ, ತನ್ನೊಡನೆ 149 ಮಂದಿಯ ಸಾವಿಗೆ ಕಾರಣನಾದ ಸಹಪೈಲಟ್‌ನ ಪ್ರಮಾಣಪತ್ರ ಚಾಲ್ತಿಯಲ್ಲೇ ಇತ್ತು. ಆತ ಕೆಲಸಕ್ಕೆ ಅನರ್ಹನೆಂದು ಖಾಸಗಿ ವೈದ್ಯರು ಬರೆದುಕೊಟ್ಟಿದ್ದ ಚೀಟಿ ಉದ್ಯೋಗದಾತರಿಗೆ ತಲುಪಲೇ ಇಲ್ಲ.

ಇನ್ನು ನಮ್ಮ ರಸ್ತೆಗಳಿಗೆ ಬರೋಣ. ಮೋಟಾರು ವಾಹನಗಳ ಅಧಿನಿಯಮ, 1988ರ 8ನೇ ಪ್ರಕರಣವು ಸ್ವಂತ ಬಳಕೆಯ ವಾಹನ ಮತ್ತು ಸಾರಿಗೆ ವಾಹನಗಳ ನಡುವೆ ಗೆರೆ ಎಳೆದಿದೆ. ಮೊದಲನೆಯದಕ್ಕೆ ನಮೂನೆ 1ರ ಸ್ವಯಂ ಘೋಷಣೆ. ಎರಡನೆಯದಕ್ಕೆ ನಮೂನೆ 1-ಎ, ಅಂದರೆ ನೋಂದಾಯಿತ ವೈದ್ಯರ ಪ್ರಮಾಣಪತ್ರ. ವಯಸ್ಸು 40 ದಾಟಿದವರಿಂದ ಸ್ವಂತ ವಾಹನಕ್ಕೂ ನಮೂನೆ 1-ಎ ಕೇಳುತ್ತಾರೆ. ಮೂರ್ಛೆರೋಗ ಉಂಟೇ, 25 ಮೀಟರ್ ದೂರದ ನಂಬರ್ ಪ್ಲೇಟ್ ಕಾಣುತ್ತದೆಯೇ, ಕೆಂಪು ಹಸಿರು ಗುರುತಿಸಬಲ್ಲರೇ, ಇರುಳುಗುರುಡು ಉಂಟೇ, ಇವು ಘೋಷಣೆಯ ಮುಖ್ಯ ಪ್ರಶ್ನೆಗಳು. ಸಕ್ಕರೆ ಕಾಯಿಲೆಯ ಹೆಸರೆತ್ತಿ ಕೇಳುವುದಿಲ್ಲ. ಅದು "ಇತರ ಯಾವುದೇ ಕಾಯಿಲೆ" ಎಂಬ ಕೊನೆಯ ಪ್ರಶ್ನೆಯಲ್ಲಿ ಅಡಗಿಕೊಳ್ಳುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಚಾಲನಾ ಪರವಾನಗಿ ನವೀಕರಣಕ್ಕೆಂದು ನಮೂನೆ 1-ಎ ಹಿಡಿದು ಒಬ್ಬ ವೈದ್ಯರಲ್ಲಿಗೆ ಹೋಗಿದ್ದೆ. ಹೆಸರು, ವಯಸ್ಸು, ರಕ್ತದ ಗುಂಪು ಕೇಳಿ ಎರಡು ನಿಮಿಷದಲ್ಲಿ ಸಹಿ ಹಾಕಿದರು. ನನ್ನ ಕನ್ನಡಕವನ್ನು ತೆಗೆಯಲೂ ಹೇಳಲಿಲ್ಲ. ನಾನು ಹೀಗೆ ಲೆಕ್ಕಪತ್ರಗಳನ್ನು ತೆರೆಯದೆ ಸಹಿ ಹಾಕಿದರೆ ನಮ್ಮ ಸಂಸ್ಥೆಯ ಶಿಸ್ತು ಸಮಿತಿಯ ಮುಂದೆ ನಿಲ್ಲಬೇಕಾದೀತು. 2019ರಿಂದ ನಾವು ನೀಡುವ ಪ್ರತಿಯೊಂದು ಪ್ರಮಾಣಪತ್ರಕ್ಕೂ ಯುಡಿಐಎನ್ ಎಂಬ ವಿಶಿಷ್ಟ ಸಂಖ್ಯೆ ಇರಲೇಬೇಕು, ಯಾರು ಯಾವ ದಿನ ಏನನ್ನು ದೃಢೀಕರಿಸಿದರೆಂದು ಯಾರು ಬೇಕಾದರೂ ಪರಿಶೀಲಿಸಬಹುದು. ಜವಾಬ್ದಾರಿ ಹೊರದ ಸಹಿಗಿಂತ ಸ್ವಯಂ ಘೋಷಣೆಯೇ ಮೇಲು, ಏಕೆಂದರೆ ಅದರಲ್ಲಿ ಸುಳ್ಳು ಹೇಳಿದವನು ಯಾರೆಂಬುದಾದರೂ ಸ್ಪಷ್ಟ. ಜಿಎಸ್‌ಟಿಯಲ್ಲಿ ಜಿಎಸ್‌ಟಿಆರ್-9ಸಿ ನಮೂನೆಗೆ ನಮ್ಮ ದೃಢೀಕರಣವನ್ನು 2020-21ನೇ ಸಾಲಿನಿಂದ ಕೈಬಿಟ್ಟು ವರ್ತಕರ ಸ್ವಯಂ ದೃಢೀಕರಣವನ್ನು ತಂದಾಗ ನಮ್ಮ ವೃತ್ತಿಬಾಂಧವರು ಬೇಸರಪಟ್ಟುಕೊಂಡರು, ನಾನೂ ಸೇರಿ. ಆದರೆ ಸಹಿ ವರ್ತಕರದಾದ ಮೇಲೆ ನನ್ನ ಕಕ್ಷಿದಾರರಲ್ಲಿ ಹಲವರು ಮೊದಲ ಬಾರಿಗೆ ಆ ನಮೂನೆಯನ್ನು ಓದಿದರು ಎಂಬುದನ್ನು ಒಪ್ಪಿಕೊಳ್ಳಬೇಕು.

ಈಗ ಮುಖ್ಯ ವಿಷಯ. 2024ರ ನವೆಂಬರ್ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವು ಬಜಾಜ್ ಅಲಯನ್ಸ್ ವಿರುದ್ಧ ರಂಭಾ ದೇವಿ ಪ್ರಕರಣದಲ್ಲಿ, ಲಘು ಮೋಟಾರು ವಾಹನದ ಪರವಾನಗಿ ಉಳ್ಳವರು 7,500 ಕಿಲೋಗ್ರಾಂ ಒಟ್ಟು ತೂಕದೊಳಗಿನ ಸಾರಿಗೆ ವಾಹನಗಳನ್ನು ಪ್ರತ್ಯೇಕ ಹಿಂಬರಹವಿಲ್ಲದೆ ಚಲಾಯಿಸಬಹುದೆಂದು ತೀರ್ಪಿತ್ತಿತು. ಸಾರಿಗೆ ವಾಹನಗಳಿಗೆಂದು ಕಾನೂನು ವಿಧಿಸಿರುವ ಹೆಚ್ಚುವರಿ ಅರ್ಹತೆಗಳು ಆ ತೂಕವನ್ನು ಮೀರಿದ ವಾಹನಗಳಿಗೆ ಮಾತ್ರ ಅನ್ವಯಿಸುತ್ತವೆ. ಅಪಾಯಕಾರಿ ಸರಕಿನ ವಾಹನಗಳು ಈ ಸಡಿಲಿಕೆಯಿಂದ ಹೊರಗೆ. ನಂಜನಗೂಡಿನ ರಾಸಾಯನಿಕ ಕಾರ್ಖಾನೆಗಳವರು ಇದನ್ನು ಗಮನಿಸತಕ್ಕದ್ದು.

ಅಮೆರಿಕದಲ್ಲಿಯೂ ಅದೇ 2024ರಲ್ಲಿ ಸಡಿಲಿಕೆಯ ತೂಕದ ಮಿತಿಯನ್ನು 6,000 ಪೌಂಡಿನಿಂದ 12,500 ಪೌಂಡಿಗೆ, ಅಂದರೆ ಸುಮಾರು 5,670 ಕಿಲೋಗ್ರಾಮಿಗೆ ಏರಿಸಿದರು. ಆದರೆ ಬಾಡಿಗೆಗೆ ಹಾರಿಸಬಾರದೆಂಬ ಗೆರೆಯನ್ನು ಅವರು ಅಳಿಸಲಿಲ್ಲ. ನಮ್ಮಲ್ಲಿ 7,500 ಕಿಲೋಗ್ರಾಮಿನ ಕೆಳಗೆ ಆ ಗೆರೆ ಅಳಿಸಿದೆ. ತೀರ್ಪನ್ನು ನಾನು ಆಕ್ಷೇಪಿಸುತ್ತಿಲ್ಲ. ಜೀವನೋಪಾಯಕ್ಕಾಗಿ ಸಣ್ಣ ವಾಹನ ಓಡಿಸುವ ಅಸಂಖ್ಯ ಜನರಿಗೆ ಅದರಿಂದ ನೆಮ್ಮದಿಯಾಗಿದೆ, ವಿಮಾ ಪರಿಹಾರ ತಪ್ಪಿಸುವ ಒಂದು ತಾಂತ್ರಿಕ ನೆಪವೂ ಹೋಗಿದೆ. ಆದರೆ ಪರಿಣಾಮವನ್ನು ನೋಡಿ. ಟಿ. ನರಸೀಪುರದ ಅಕ್ಕಿ ಗಿರಣಿಯಿಂದ ಮೂಟೆ ಹೇರಿಕೊಂಡು ದಿನಕ್ಕೆ ಹತ್ತು ಗಂಟೆ ಓಡುವ ಗೂಡ್ಸ್ ವಾಹನದ ಚಾಲಕನ ಆರೋಗ್ಯವನ್ನು, ಆತ 40 ದಾಟುವವರೆಗೆ, ಕಾನೂನು ಸ್ವಂತ ಕಾರಿನವನ ಆರೋಗ್ಯದಂತೆಯೇ ಕಾಣುತ್ತದೆ. ಹವ್ಯಾಸಿ ಪೈಲಟ್ ಮೂರ್ಛೆ ಹೋದರೆ ಬಹುಪಾಲು ಹೊಲದ ಮೇಲೆ ಬೀಳುತ್ತಾನೆ. ಈ ಚಾಲಕ ಮೂರ್ಛೆ ಹೋಗುವುದು ಸಂತೆಯ ದಿನದ ರಸ್ತೆಯಲ್ಲಿ, ಅಥವಾ ನಂಜನಗೂಡಿನ ದೊಡ್ಡ ಜಾತ್ರೆಯ ಜನಜಂಗುಳಿಯ ಸಮೀಪದಲ್ಲಿ.

ನನ್ನ ಕಕ್ಷಿದಾರರೊಬ್ಬರ ವಾಹನ ಹೀಗೆಯೇ ಒಂದು ಮಧ್ಯಾಹ್ನ ನಾಲೆಯ ಏರಿಯ ಮೇಲಿನಿಂದ ಗದ್ದೆಗೆ ಇಳಿಯಿತು. ದೈವವಶಾತ್ ಯಾರಿಗೂ ಪ್ರಾಣಾಪಾಯವಾಗಲಿಲ್ಲ. ವಿಮಾ ಸರ್ವೇಯರು ಪರವಾನಗಿಯನ್ನು ನೋಡಿದರು, ಸರಿಯಾಗಿತ್ತು, ಪರಿಹಾರವೂ ಬಂತು. ಚಾಲಕನಿಗೆ ಎರಡು ವರ್ಷಗಳಿಂದ ಸಕ್ಕರೆ ಕಾಯಿಲೆ ಇತ್ತೆಂಬುದು ಅನಂತರ ತಿಳಿಯಿತು. ಬೆಳಿಗ್ಗೆ ಮಾತ್ರೆ ನುಂಗಿ, ಲೋಡಿನ ಅವಸರದಲ್ಲಿ ಊಟ ಬಿಟ್ಟಿದ್ದ. "ಹೇಳಿದ್ರೆ ಗಾಡಿ ಬಿಡಿಸ್ಬಿಡ್ತೀರಿ ಅಂತ ಹೇಳ್ಲಿಲ್ಲ ಯಜಮಾನ್ರೇ" ಎಂದನಂತೆ. ಯಜಮಾನರು ನನ್ನೊಡನೆ ಪ್ರಾಮಾಣಿಕವಾಗಿ ಒಪ್ಪಿಕೊಂಡರು: ಆತ ಹೇಳಿದ್ದರೆ ಬಿಡಿಸಿಯೇ ಬಿಡುತ್ತಿದ್ದರು.

ಕಾನೂನಿನ ದೃಷ್ಟಿಯಲ್ಲಿ ಮಾಲೀಕರ ಹೊಣೆ ಎಲ್ಲಿಯವರೆಗೆ? ಪರವಾನಗಿ ಇಲ್ಲದವರಿಗೆ ವಾಹನ ಕೊಡಬಾರದೆಂದು 5ನೇ ಪ್ರಕರಣ ಹೇಳುತ್ತದೆ. 2004ರ ಸ್ವರಣ್ ಸಿಂಗ್ ಪ್ರಕರಣದ ತೀರ್ಪಿನಂತೆ, ಪರವಾನಗಿಯ ದೋಷವನ್ನು ಮುಂದೊಡ್ಡುವ ವಿಮಾ ಕಂಪನಿಯು ಮಾಲೀಕರು ಸಾಕಷ್ಟು ಎಚ್ಚರ ವಹಿಸಿರಲಿಲ್ಲವೆಂದು ರುಜುವಾತು ಪಡಿಸಬೇಕು. ರುಜುವಾತಾದರೆ ಮೂರನೆಯವರಿಗೆ ಕೊಟ್ಟ ಪರಿಹಾರವನ್ನು ಮಾಲೀಕರಿಂದ ವಸೂಲು ಮಾಡಬಹುದು. ದೈಹಿಕವಾಗಿ ಅಸಮರ್ಥನೆಂದು ತಿಳಿದೂ ವಾಹನ ಓಡಿಸುವುದು 186ನೇ ಪ್ರಕರಣದಡಿ ಅಪರಾಧ. 2019ರ ತಿದ್ದುಪಡಿಯ ನಂತರ ಮೊದಲ ಬಾರಿಗೆ 1,000 ರೂಪಾಯಿವರೆಗೆ ದಂಡ. ಅದೇ ತಿದ್ದುಪಡಿಯು ಸಾರಿಗೆ ಪರವಾನಗಿಯ ಅವಧಿಯನ್ನು 3ರಿಂದ 5 ವರ್ಷಕ್ಕೆ ಹೆಚ್ಚಿಸಿದ್ದರಿಂದ, ದೊಡ್ಡ ಲಾರಿಗಳ ಚಾಲಕರ ಎರಡು ತಪಾಸಣೆಗಳ ನಡುವಿನ ಅಂತರವೂ ಹಿಗ್ಗಿದೆ.

ನನ್ನ ಅಭಿಪ್ರಾಯ ಇಷ್ಟು. ಸ್ವಂತಕ್ಕೆ ಹಾರಿಸುವ ಪೈಲಟ್‌ಗೆ ಅಮೆರಿಕದ ಪದ್ಧತಿ ಸಾಕು; ನಮ್ಮಲ್ಲಿಯೂ ಅದನ್ನು ಪರಿಶೀಲಿಸಬಹುದು, ಸಾಮಾನ್ಯ ವೈದ್ಯರ ಸಹಿಗೂ ನಮ್ಮ ಯುಡಿಐಎನ್‌ನಂತಹ ಹೊಣೆಗಾರಿಕೆ ಇರುವುದಾದರೆ. ಪರರ ಸರಕನ್ನು ಕೂಲಿಗೆ ಸಾಗಿಸುವವರಿಗೆ ತಪಾಸಣೆ ಬೇಕೇ ಬೇಕು. ಕಾನೂನು ಕೇಳದಿರುವುದರಿಂದ ಅದನ್ನು ಸದಸ್ಯರೇ ಮಾಡಿಸಬೇಕು. ವರ್ಷಕ್ಕೊಮ್ಮೆ ಚಾಲಕರ ಕಣ್ಣು, ರಕ್ತದೊತ್ತಡ, ಸಕ್ಕರೆ ನೋಡಿಸಲು ತಗಲುವ ಖರ್ಚು ಒಂದು ಟೈರಿನ ಬೆಲೆಯ ಮುಂದೆ ಅಲ್ಪ. ಅದನ್ನು ವ್ಯಾಪಾರದ ಖರ್ಚಾಗಿ ಆದಾಯದಿಂದ ಕಳೆಯಬಹುದು. ತಮ್ಮ ನೌಕರರಿಗಾಗಿಯೇ ಮಾಡಿದ ಖರ್ಚಾದ್ದರಿಂದ ಸಿಎಸ್‌ಆರ್ ಲೆಕ್ಕಕ್ಕೆ ಮಾತ್ರ ಸೇರಿಸುವಂತಿಲ್ಲ, ಈ ಪ್ರಶ್ನೆ ಪದೇ ಪದೇ ಬರುತ್ತದೆ.

ತಪಾಸಣೆಗೆ ಕಳುಹಿಸುವ ಮೊದಲು ಚಾಲಕರಿಗೆ ಒಂದು ಮಾತು ಕೊಡುವುದನ್ನು ಮರೆಯಬಾರದು: ಕಾಯಿಲೆ ಕಂಡುಬಂದರೆ ಕೆಲಸ ಹೋಗುವುದಿಲ್ಲ, ಹತೋಟಿಗೆ ಬರುವವರೆಗೆ ಗೋದಾಮಿನಲ್ಲಿ ಅದೇ ಸಂಬಳಕ್ಕೆ ಕೆಲಸ ಮಾಡಬಹುದು, ಹೊತ್ತಿಗೆ ಸರಿಯಾಗಿ ಊಟಕ್ಕೆ ಗಾಡಿ ನಿಲ್ಲಿಸಿದರೆ ಯಾರೂ ಗದರುವುದಿಲ್ಲ. ನಾಲೆ ಏರಿಯ ಆ ಚಾಲಕ ಈಗ ಅದೇ ಗಿರಣಿಯಲ್ಲಿ ತೂಕದ ಚೀಟಿ ಬರೆಯುತ್ತಿದ್ದಾನೆ.