ಸುಲೈಮಾನಿಯ ಲಿಂಬೆ ಮತ್ತು ರಕ್ತದ ಕಬ್ಬಿಣ

ಬಿರಿಯಾನಿ ಊಟವಾದ ಮೇಲೆ ಒಂದು ಲೋಟ ಸುಲೈಮಾನಿ ಇಲ್ಲದಿದ್ದರೆ ಏನೋ ಕಳೆದುಕೊಂಡಂತೆ. ಮುಂದಿನ ಸಲ ಅದಕ್ಕೆ ಲಿಂಬೆ ಹಿಂಡುವಾಗ ಗಮನಿಸಿ. ಕಡುಕೆಂಪಾಗಿದ್ದ ಚಹಾ ನಾಲ್ಕು ಹನಿ ಬೀಳುತ್ತಿದ್ದಂತೆ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ರಸ ಬೆರೆತು ತೆಳ್ಳಗಾಗಿದ್ದಲ್ಲ, ಅಷ್ಟೇ ನೀರು ಹಾಕಿದರೆ ಹಾಗಾಗುವುದಿಲ್ಲ.

ಚಹಾದ ಒಗರಿಗೂ ಬಣ್ಣಕ್ಕೂ ಕಾರಣ ಪಾಲಿಫಿನಾಲ್‌ಗಳು. ಇವು ಈನಾಲ್ ಎಂಬ ರಾಸಾಯನಿಕ ಕುಟುಂಬದ ನೆಂಟರು. ದ್ವಿಬಂಧದಿಂದ ಬೆಸೆದ ಎರಡು ಕಾರ್ಬನ್‌ಗಳಲ್ಲಿ ಒಂದಕ್ಕೆ ಆಮ್ಲಜನಕ, ಅದಕ್ಕೊಂದು ಜಲಜನಕ ಅಂಟಿಕೊಂಡಿದ್ದರೆ ಅದು ಈನಾಲ್. ಸಾಮಾನ್ಯ ಈನಾಲ್ ನಿಲ್ಲುವ ಜಾತಿಯಲ್ಲ, ಬೇಗನೆ ಕೀಟೋನ್ ರೂಪಕ್ಕೆ ಮಗುಚಿಕೊಳ್ಳುತ್ತದೆ. ಉಗುರುಬಣ್ಣ ಅಳಿಸುವ ಅಸಿಟೋನಿನಲ್ಲಿ ಕೋಟಿ ಅಣುಗಳಿಗೆ ಒಂದೂ ಈನಾಲ್ ರೂಪದಲ್ಲಿರುವುದಿಲ್ಲ. ಆದರೆ ಫಿನಾಲ್‌ಗಳ ಆರು ಕಾರ್ಬನ್‌ಗಳ ಉಂಗುರ ಅದನ್ನು ಭದ್ರವಾಗಿ ಹಿಡಿದಿಡುತ್ತದೆ. ಇವು ಜಲಜನಕವನ್ನು ಬಿಟ್ಟುಕೊಟ್ಟಾಗ ಉಳಿಯುವ ವಿದ್ಯುದಂಶ ಇಡೀ ಉಂಗುರಕ್ಕೆ ಹರಡಿಕೊಳ್ಳುತ್ತದೆ. ಅದಕ್ಕೇ ಇವು ಸ್ವಲ್ಪ ಆಮ್ಲೀಯ. ಜಲಜನಕ ಬಿಟ್ಟ ರೂಪದ ಬಣ್ಣ ಗಾಢ. ಲಿಂಬೆಯ ಹುಳಿ ಜಲಜನಕವನ್ನು ಮರಳಿ ಕೊಟ್ಟಾಗ ಬಣ್ಣ ತಿಳಿಯಾಗುತ್ತದೆ.

ಲಿಂಬೆಯಲ್ಲಿರುವ ವಿಟಮಿನ್ ಸಿ ಕೂಡ ಈನಾಲೇ. ಅದರ ಒಂದೇ ದ್ವಿಬಂಧದ ಎರಡೂ ಬದಿಗಳಲ್ಲಿ ಇಂಥ ಜೋಡಿಗಳಿವೆ. ಹುಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರ್ಬಾಕ್ಸಿಲ್ ಗುಂಪು ಇದರಲ್ಲಿಲ್ಲ. ಆದರೂ ಇದು ವಿನೆಗರ್‌ನ ಆಮ್ಲಕ್ಕಿಂತ ತುಸು ಪ್ರಬಲ! ಇದನ್ನು ಬೇರ್ಪಡಿಸಿದ ಹಂಗೇರಿಯ ಸೆಂಟ್-ಗ್ಯೋರ್ಗಿ ಮತ್ತು ರಚನೆಯನ್ನು ಬಿಡಿಸಿಟ್ಟ ಇಂಗ್ಲೆಂಡಿನ ಹಾವರ್ತ್ ಇಬ್ಬರಿಗೂ 1937ರಲ್ಲಿ ನೊಬೆಲ್ ಸಿಕ್ಕಿತು.

ಇದೆಲ್ಲ ಅಡುಗೆಮನೆಗೇಕೆ ಎನ್ನುತ್ತೀರಾ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆಯಿದೆ. ನಿಮ್ಮ ಮನೆಯಲ್ಲೂ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುವ ಮಗಳೋ ಸೊಸೆಯೋ ಇರಬಹುದು. ಬೇಳೆ, ಬಸಳೆ, ಹರಿವೆಯ ಕಬ್ಬಿಣವನ್ನು ಚಹಾದ ಪಾಲಿಫಿನಾಲ್‌ಗಳು ಹೊಟ್ಟೆಯಲ್ಲೇ ಕಟ್ಟಿಹಾಕುತ್ತವೆ. ಊಟದ ಜೊತೆಯ ಚಹಾದಿಂದ ಹೀರಿಕೆ ಅರ್ಧಕ್ಕಿಂತಲೂ ಕೆಳಗಿಳಿಯಬಹುದು. ಮಾಂಸದ ಕಬ್ಬಿಣಕ್ಕೆ ಈ ಬಾಧೆ ಕಡಿಮೆ. ಹಾಗಾಗಿ ಬಿರಿಯಾನಿಗಿಂತ ಗಂಜಿ–ಪಲ್ಯದ ದಿನ ಚಹಾ ಹೆಚ್ಚು ತೊಂದರೆ ಕೊಡುತ್ತದೆ.

ವಿಟಮಿನ್ ಸಿ ಮಾಡುವುದು ಇದರ ಉಲ್ಟಾ ಕೆಲಸ. ಇಲೆಕ್ಟ್ರಾನ್ ಕೊಟ್ಟು ಕಬ್ಬಿಣವನ್ನು ಕರುಳು ಹೀರಿಕೊಳ್ಳಬಲ್ಲ ಫೆರಸ್ ರೂಪಕ್ಕೆ ತರುತ್ತದೆ. ಹಾಗೆಂದು ಲಿಂಬೆ ಹಿಂಡಿದೆವಲ್ಲ ಎಂದು ಊಟದ ಬೆನ್ನಿಗೇ ಸುಲೈಮಾನಿ ಕುಡಿಯಬೇಡಿ, ನಾಲ್ಕು ಹನಿ ಚಹಾವನ್ನು ಪೂರ್ತಿ ಗೆಲ್ಲಲಾರದು. ಒಂದು ಗಂಟೆ ಬಿಡಿ. ಗರ್ಭಿಣಿಯರು ಕಬ್ಬಿಣದ ಮಾತ್ರೆಯನ್ನು ಚಹಾದೊಂದಿಗೆ ನುಂಗುವುದಂತೂ ಬೇಡವೇ ಬೇಡ. ಲಿಂಬೆ ಪಾನಕವೋ ಪೇರಳೆಯೋ ಜೊತೆಗಿರಲಿ. 100 ಗ್ರಾಂ ಪೇರಳೆಯಲ್ಲಿ ಸುಮಾರು 200 ಮಿಲಿಗ್ರಾಂ ವಿಟಮಿನ್ ಸಿ ಇದೆ, ಲಿಂಬೆಗಿಂತ ಎಷ್ಟೋ ಮೇಲು. ಅಂಗಡಿಯಲ್ಲಿ ಅಗ್ಗವೂ ಹೌದು.

ಇಲೆಕ್ಟ್ರಾನ್ ಕೊಡುವ ಈ ಔದಾರ್ಯದಿಂದಲೇ ವಿಟಮಿನ್ ಸಿ ಗಾಳಿಗೆ, ಬಿಸಿಗೆ ಬೇಗ ಕೆಡುತ್ತದೆ, ತಾಮ್ರ ತಾಗಿದರೆ ಇನ್ನೂ ಬೇಗ. ಹಿಂಡಿದ ರಸವನ್ನು ತಾಮ್ರದ ಪಾತ್ರೆಯಲ್ಲಿಡಬೇಡಿ. ಲಿಂಬೆಯನ್ನು ಒಲೆ ಆರಿಸಿದ ನಂತರವೇ ಹಿಂಡಿ. ಥಲಸ್ಸೇಮಿಯಾ ಇದ್ದು ಪದೇಪದೇ ರಕ್ತ ಪಡೆಯುವ ಮಕ್ಕಳ ದೇಹದಲ್ಲಿ ಕಬ್ಬಿಣ ಈಗಾಗಲೇ ಹೆಚ್ಚಿರುತ್ತದೆ. ಅವರಿಗೆ ವೈದ್ಯರನ್ನು ಕೇಳದೆ ವಿಟಮಿನ್ ಸಿ ಮಾತ್ರೆ ಕೊಡಬಾರದು.