ಘಟ್ಟವೇರುವ ಹಳಿಗಳ ಬೆನ್ನು ಹತ್ತಿ

ರೈಲಿನ ಹುಚ್ಚು ಹಿಡಿದವರು ಬಸ್ಸನ್ನೂ ವಿಮಾನವನ್ನೂ ಕಣ್ಣೆತ್ತಿ ನೋಡರೆಂಬ ಅಭಿಪ್ರಾಯವೊಂದು ಜನರಲ್ಲಿ ಬಹುಕಾಲದಿಂದ ನೆಲೆಸಿದೆ. ಅಂಥ ಕಟ್ಟುನಿಟ್ಟಿನ ವ್ರತಧಾರಿಗಳು ಇಲ್ಲವೆಂದಲ್ಲ; ಆದರೆ ರೈಲುಮಾರ್ಗವು ಎಲ್ಲಿಯವರೆಗೆ ಬಂದಿತು, ಎಲ್ಲಿ ನಿಂತಿತು, ಏಕೆ ನಿಂತಿತು, ನಿಲ್ಲದ ಕಡೆಯಲ್ಲಿ ಯಾವ ಉಪಾಯವನ್ನು ಹೂಡಿ ಮುಂದೆ ಸಾಗಿತು ಎಂಬುದನ್ನು ತಿಳಿಯುವ ಕುತೂಹಲ ಯಾರಿಗಿದೆಯೋ ಅವರು ಹಳಿಯಿಲ್ಲದ ದಾರಿಯನ್ನೂ ಒಂದಷ್ಟು ದೂರ ಸವೆಸದೆ ವಿಧಿಯಿಲ್ಲ. ಬೆಂಗಳೂರಿನಿಂದ ಹಗಲು ರೈಲಿನಲ್ಲಿ ಮಂಗಳೂರಿಗಿಳಿದು, ಕರಾವಳಿಯುದ್ದಕ್ಕೂ ಕೇರಳವನ್ನು ಹಾದು ಕೊಯಮತ್ತೂರನ್ನು ಸೇರಿ, ಮೆಟ್ಟುಪಾಳ್ಯಂನಿಂದ ಹಲ್ಲುಗಾಲಿಯ ರೈಲಿನಲ್ಲಿ ಊಟಿಗೇರಿ, ಊಟಿಯಿಂದ ಬಸ್ಸಿನಲ್ಲಿ ಮೈಸೂರಿಗೂ, ಬೆಂಗಳೂರಿನಿಂದ ವಿಮಾನದಲ್ಲಿ ಉತ್ತರ ಬಂಗಾಳದ ಬಾಗ್ಡೋಗ್ರಾಕ್ಕೂ ಹೋಗಿ, ಕಡೆಗೆ ಡಾರ್ಜಿಲಿಂಗಿನ ಪುಟ್ಟ ರೈಲನ್ನು ಹತ್ತುವ ಪ್ರವಾಸವೊಂದನ್ನು ಹತ್ತು ದಿನಗಳ ರಜೆಯಲ್ಲಿ ಯಾರಾದರೂ ಕೈಗೊಳ್ಳಬಹುದು. ಈ ಒಂದೇ ಸುತ್ತಿನಲ್ಲಿ 1676 ಮಿಲಿಮೀಟರಿನ ಬ್ರಾಡ್ ಗೇಜು, 1000 ಮಿಲಿಮೀಟರಿನ ಮೀಟರ್ ಗೇಜು, 610 ಮಿಲಿಮೀಟರಿನ ಕಿರುಗೇಜು ಮೂರರ ದರ್ಶನವೂ ಆಗುತ್ತದೆ. ಅದಕ್ಕೂ ಮಿಗಿಲಾಗಿ, ಬೆಟ್ಟವೆಂಬ ಒಂದೇ ಪ್ರಶ್ನೆಗೆ ಬೇರೆ ಬೇರೆ ಕಾಲದ ಇಂಜಿನಿಯರುಗಳು ಕೊಟ್ಟ ಬೇರೆ ಬೇರೆ ಉತ್ತರಗಳು ಒಂದರ ಬೆನ್ನಿಗೊಂದು ಕಾಣಸಿಗುತ್ತವೆ.

ಪ್ರಶ್ನೆಯೇನೆಂಬುದನ್ನು ಮೊದಲು ನೋಡೋಣ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರ ಉರುಳುವಾಗ ಘರ್ಷಣೆ ಅತ್ಯಲ್ಪ; ಒಂದು ಟನ್ ಭಾರವನ್ನು ಸಮತಟ್ಟಾದ ಹಳಿಯ ಮೇಲೆ ಮೆಲ್ಲಗೆ ಎಳೆಯಲು ಎರಡು ಮೂರು ಕಿಲೋ ತೂಕದಷ್ಟು ಸೆಳೆತವಿದ್ದರೆ ಸಾಕು. ರೈಲು ಅಗ್ಗವಾಗಿರುವುದು ಈ ನುಣುಪಿನಿಂದ. ಆದರೆ ಹಳಿಯು ಐವತ್ತು ಮೀಟರಿಗೆ ಒಂದು ಮೀಟರಿನಂತೆ ಏರತೊಡಗಿತೆಂದರೆ ಪ್ರತಿಯೊಂದು ಟನ್ನಿಗೂ ಇನ್ನೂ 20 ಕಿಲೋ ಸೆಳೆತ ಬೇಕಾಗುತ್ತದೆ. ಅಂದರೆ, ಕಣ್ಣಿಗೆ ಏರೆಂದು ಸರಿಯಾಗಿ ತೋರದ ಏರಿನಲ್ಲಿಯೂ ಇಂಜಿನ್ನಿನ ಕೆಲಸ ಏಳೆಂಟು ಪಟ್ಟು ಹೆಚ್ಚುತ್ತದೆ. ಶಕ್ತಿಯನ್ನು ಹೇಗೋ ಒದಗಿಸಬಹುದು. ಹಿಡಿತವನ್ನು ಎಲ್ಲಿಂದ ತರುವುದು? ಒಣ ಹಳಿಯ ಮೇಲೆ ಇಂಜಿನ್ ತನ್ನ ತೂಕದ ಕಾಲುಭಾಗದಷ್ಟು ಬಲವನ್ನು ಮಾತ್ರ ಊರಬಲ್ಲದು, ಮಳೆ ಬಿದ್ದರೆ ಅದಕ್ಕೂ ಕಡಮೆ; ಮೀರಿದರೆ ಚಕ್ರ ಇದ್ದಲ್ಲಿಯೇ ಗಿರ್ರನೆ ಸುತ್ತುತ್ತದೆ. ಬಯಲಿನಲ್ಲಿ ವರವಾದ ನುಣುಪೇ ಬೆಟ್ಟದಲ್ಲಿ ಶಾಪವಾಗುವುದು ಹೀಗೆ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗಿನ ಸುಮಾರು 55 ಕಿಲೋಮೀಟರು ಈ ಪ್ರಶ್ನೆಗೆ ನಮ್ಮ ನಾಡಿನವರೇ ಹತ್ತಿರದಿಂದ ಬಲ್ಲ ಉತ್ತರ. ಏರನ್ನು ಐವತ್ತಕ್ಕೊಂದರ ಮಿತಿಯೊಳಗೆ ಹಿಡಿದಿಟ್ಟುಕೊಂಡು, ಅಡ್ಡಬಂದ ಗುಡ್ಡವನ್ನು ಕೊರೆದು, ಅಡ್ಡಬಂದ ಕಣಿವೆಗೆ ಸೇತುವೆ ಹಾಕಿ, ಹಣವನ್ನೂ ಕಾಲವನ್ನೂ ಲೆಕ್ಕಿಸದೆ ಮುಂದೆ ಸಾಗುವುದೇ ಇಲ್ಲಿಯ ಮಾರ್ಗ. ಐವತ್ತೇಳು ಸುರಂಗಗಳು. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಸಿರಿಬಾಗಿಲು ಎಂಬ ನಿಲ್ದಾಣಗಳಲ್ಲಿ ಹತ್ತುವವರಿಲ್ಲ, ಇಳಿಯುವವರಿಲ್ಲ. ಹಸಿರು ಬಾವುಟ ಹಿಡಿದ ಒಬ್ಬಿಬ್ಬರು ರೈಲ್ವೆ ನೌಕರರು, ಪಾಚಿಗಟ್ಟಿದ ಒಂದು ಕಟ್ಟಡ, ಅದರ ಹಿಂದಿನಿಂದಲೇ ಆರಂಭವಾಗುವ ಕಾಡು. ಘಟ್ಟವನ್ನೇರುವ ರೈಲಿಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ನುಗಳನ್ನು ಕೊಟ್ಟು ತಳ್ಳಿಸುತ್ತಾರೆ. ಇಳಿಯುವ ರೈಲು ಸಕಲೇಶಪುರದಲ್ಲಿ ನಿಂತು ಬ್ರೇಕುಗಳ ಪರೀಕ್ಷೆಯನ್ನು ಮುಗಿಸಿಕೊಂಡಲ್ಲದೆ ಹೊರಡದು. ವೇಗಕ್ಕೆ ಗಂಟೆಗೆ 30 ಕಿಲೋಮೀಟರಿನ ಕಡಿವಾಣ. ಹಿಡಿತ ತಪ್ಪಿ ಓಡಿಬಂದ ಗಾಡಿಯನ್ನು ಪಕ್ಕಕ್ಕೆ ಸೆಳೆದು ಮರಳಿನ ದಿಬ್ಬದಲ್ಲಿ ಹೂತು ನಿಲ್ಲಿಸುವ ಕ್ಯಾಚ್ ಸೈಡಿಂಗುಗಳನ್ನು ಕಿಟಕಿಯಿಂದ ಗಮನವಿಟ್ಟು ನೋಡಿದರೆ ಗುರುತಿಸಬಹುದು. 2021ರಿಂದ ಈ ಮಾರ್ಗದ ಹಗಲು ರೈಲಿನಲ್ಲಿ ಗಾಜಿನ ಸೂರಿನ ವಿಸ್ಟಾಡೋಮ್ ಬೋಗಿಗಳೂ ಇವೆ. ಚೆನ್ನಾಗಿಯೇ ಇವೆ, ಆದರೆ ಸುರಂಗದ ತಣ್ಣನೆಯ ಗಾಳಿ, ಒದ್ದೆಕಲ್ಲಿನ ವಾಸನೆ, ಬ್ರೇಕು ಬಿಸಿಯಾದಾಗಿನ ಕಮಟು ಇವೆಲ್ಲ ಬೇಕೆನ್ನುವವರಿಗೆ ಸಾಮಾನ್ಯ ಬೋಗಿಯ ಕಿಟಕಿಯ ಪಕ್ಕವೇ ಲೇಸು. ಅಲ್ಲಿ ನನ್ನೆದುರು ಕುಳಿತಿದ್ದ, ಕುಕ್ಕೆಗೆ ಹೊರಟಿದ್ದ ಹಾಸನದ ಕಡೆಯ ಅಜ್ಜಿಯೊಬ್ಬರು ಸುರಂಗಗಳನ್ನು ಒಂದಷ್ಟು ಹೊತ್ತು ಎಣಿಸಿ ಬೇಸತ್ತು, "ಅಲ್ಲಪ್ಪಾ, ಬಸ್ಸಲ್ಲಿ ಹೋಗಿದ್ರೆ ಇಷ್ಟೊತ್ತಿಗೆ ಪ್ರಸಾದ ಉಂಡು ಕೈ ತೊಳ್ಕೊಂಡಿರ್ತಿದ್ವಲ್ಲ. ಇವ್ರೇನು ರೈಲ್ನ ಕೈ ಹಿಡ್ಕೊಂಡು ನಡೆಸ್ತಾ ಇದಾರಾ?" ಎಂದರು. ಆ ಮಾತು ವಾಸ್ತವಕ್ಕೆ ಬಹಳ ದೂರವೇನಲ್ಲ. ಮಳೆಗಾಲದಲ್ಲಿ ಗ್ಯಾಂಗ್‌ಮನ್‌ಗಳು ಹಗಲಿರುಳೂ ಹಳಿಗುಂಟ ನಡೆದು, ಎಲ್ಲಿ ಬಂಡೆ ಉರುಳಿದೆ, ಎಲ್ಲಿ ಮಣ್ಣು ಸಡಿಲಿದೆಯೆಂದು ನೋಡಿ ಬಂದ ಮೇಲೆಯೇ ಇಲ್ಲಿ ಗಾಡಿ ಹೋಗಬೇಕು. ಹಾಗಿದ್ದೂ 2018ರ ಆಗಸ್ಟಿನಲ್ಲಿಯೂ 2024ರ ಜುಲೈನಲ್ಲಿಯೂ ಗುಡ್ಡ ಕುಸಿದು ಮಾರ್ಗ ಮುಚ್ಚಿತು.

ಈ ಮಾರ್ಗ ಮೀಟರ್ ಗೇಜಿನಲ್ಲಿ ಸಂಚಾರಕ್ಕೆ ತೆರೆದದ್ದು 1979ರಲ್ಲಿ. 1996ರಲ್ಲಿ ಗೇಜು ಬದಲಿಸಲು ಮುಚ್ಚಿ, ಪ್ರಯಾಣಿಕರಿಗೆ ಮತ್ತೆ ದೊರೆತದ್ದು 2007ರ ಡಿಸೆಂಬರಿನಲ್ಲಿ. ಮಂಗಳೂರಿಗೆ ರೈಲು ಮೊದಲು ಬಂದದ್ದಾದರೋ 1907ರಲ್ಲಿ, ತೆಂಕಣ ದಿಕ್ಕಿನಿಂದ, ಮದರಾಸಿನ ಕಡೆಯಿಂದ. ಮಂಗಳೂರಿನವನಿಗೆ ಏಳು ದಶಕಗಳ ಕಾಲ ಮದರಾಸು ರೈಲಿನ ದಾರಿಯಲ್ಲಿತ್ತು, ಘಟ್ಟದ ಮೇಲಿನ ಹಾಸನ ಇರಲಿಲ್ಲ. ಇದರ ಕಾರಣವನ್ನು ಪ್ರತ್ಯಕ್ಷವಾಗಿ ಕಾಣಬೇಕಾದರೆ ನೇತ್ರಾವತಿಯನ್ನು ದಾಟಿ ದಕ್ಷಿಣಕ್ಕೆ ಹೊರಡುವ ರೈಲನ್ನು ಹಿಡಿಯಬೇಕು.

ಕಾಸರಗೋಡು, ಕಣ್ಣೂರು, ಕೋಳಿಕೋಡುಗಳನ್ನು ಹಾದು ಶೊರನೂರಿನ ಬಳಿ ರೈಲು ಪೂರ್ವಕ್ಕೆ ತಿರುಗುತ್ತದೆ. ಘಟ್ಟ ಇನ್ನೇನು ಎದುರಾಗಬೇಕು, ಸುರಂಗ ಬರಬೇಕು, ಇಂಜಿನ್ ಏದುಸಿರು ಬಿಡಬೇಕು ಎಂದು ಕಾಯುತ್ತಿದ್ದವನಿಗೆ ಅಂಥದೊಂದೂ ಕಾಣದು. ಭತ್ತದ ಗದ್ದೆಗಳ ನಡುವೆ, ತಾಳೆಮರಗಳ ಸಾಲಿನ ಬದಿಗೆ ಗಾಡಿ ನಿಶ್ಚಿಂತೆಯಿಂದ ಸಾಗಿ, ಎಡಬಲಗಳಲ್ಲಿ ಬೆಟ್ಟಗಳು ದೂರಕ್ಕೆ ಸರಿದು ನಿಂತಿರಲಾಗಿ, ಪಾಲಕ್ಕಾಡನ್ನು ಬಿಟ್ಟು ಸ್ವಲ್ಪ ಹೊತ್ತಿಗೆ ತಮಿಳುನಾಡಿನಲ್ಲಿರುತ್ತದೆ. ಪಶ್ಚಿಮಘಟ್ಟದ ಗೋಡೆಯಲ್ಲಿ ಪ್ರಕೃತಿಯೇ ಬಿಟ್ಟ ಸುಮಾರು 30 ಕಿಲೋಮೀಟರಗಲದ ಹೆಬ್ಬಾಗಿಲಿದು. ಮದರಾಸಿನಿಂದ ಹೊರಟ ಹಳಿ ಈ ಬಾಗಿಲಿನಿಂದ ನುಗ್ಗಿ ಕೋಳಿಕೋಡಿನ ಬಳಿಯ ಬೇಪೂರನ್ನು ಮುಟ್ಟಿದ್ದು 1862ರಷ್ಟು ಹಿಂದೆ, ಅಂದರೆ ಸಕಲೇಶಪುರದ ಘಟ್ಟಕ್ಕೆ ರೈಲಿಳಿಯುವುದಕ್ಕೆ 117 ವರ್ಷ ಮೊದಲು. ರೈಲುಮಾರ್ಗಗಳ ಇತಿಹಾಸವನ್ನು ಬರೆಯುವವರು ಸರಕಾರಗಳ ಮೇಲೂ ಕಂಪನಿಗಳ ಮೇಲೂ ಹೊರಿಸುವ ಎಷ್ಟೋ ಪುಣ್ಯಪಾಪಗಳಲ್ಲಿ ಭೂಗೋಳದ ಪಾಲನ್ನು ಮರೆಯುತ್ತಾರೆಂದು ನನಗೆ ಅನ್ನಿಸುವುದು ಇಲ್ಲಿ.

ಮೆಟ್ಟುಪಾಳ್ಯಂನಲ್ಲಿ ಉಪಾಯ ಬೇರೆ. ನೀಲಗಿರಿ ರೈಲು ಕೂನೂರಿನವರೆಗೆ 1899ರಲ್ಲಿಯೂ ಊಟಿಯವರೆಗೆ 1908ರಲ್ಲಿಯೂ ಸಿದ್ಧವಾಯಿತು. 46 ಕಿಲೋಮೀಟರಿನಲ್ಲಿ ಸುಮಾರು 330 ಮೀಟರಿನಿಂದ 2200 ಮೀಟರಿಗೆ ಏರಬೇಕು. ಕಲ್ಲಾರಿನಿಂದ ಕೂನೂರಿನವರೆಗೆ ಏರು ಸರಿಸುಮಾರು ಹನ್ನೆರಡಕ್ಕೊಂದು, ಎಂದರೆ ಪ್ರತಿ ಟನ್ನಿಗೆ ಎಂಬತ್ತು ಕಿಲೋ ಹೆಚ್ಚಿನ ಸೆಳೆತ. ನುಣುಪಾದ ಚಕ್ರದಿಂದ ಇದು ಆಗುವ ಮಾತಲ್ಲ. ಆದುದರಿಂದ ಎರಡು ಹಳಿಗಳ ನಡುವೆ ಹಲ್ಲುಗಳುಳ್ಳ ಉಕ್ಕಿನ ಪಟ್ಟಿಗಳನ್ನು ಹಾಸಿ, ಇಂಜಿನ್ನಿನ ಹೊಟ್ಟೆಯಡಿಯ ಹಲ್ಲುಚಕ್ರಗಳು ಅವನ್ನು ಕಚ್ಚಿ ಹಿಡಿದು ಏರುವಂತೆ ಮಾಡಿದರು. ಸ್ವಿಟ್ಜರ್ಲೆಂಡಿನ ರೋಮನ್ ಆಬ್ಟ್ ಎಂಬ ಇಂಜಿನಿಯರ್ ಕಂಡುಹಿಡಿದ ಈ ಕ್ರಮದಲ್ಲಿ ಪಟ್ಟಿಗಳು ಎರಡು. ಒಂದರ ಹಲ್ಲಿರುವಲ್ಲಿ ಇನ್ನೊಂದರ ಸಂದು ಬರುವಂತೆ ಅವನ್ನು ಅರ್ಧ ಹಲ್ಲಿನಷ್ಟು ಸರಿಸಿ ಜೋಡಿಸಿರುವುದರಿಂದ, ಏಣಿ ಹತ್ತುವವನು ಒಂದು ಕೈ ಬಿಡುವ ಮುನ್ನ ಇನ್ನೊಂದರಿಂದ ಮೇಲಿನ ಮೆಟ್ಟಿಲನ್ನು ಹಿಡಿದಿರುವಂತೆ, ಯಾವ ಕ್ಷಣದಲ್ಲಿಯೂ ಒಂದಲ್ಲ ಒಂದು ಹಲ್ಲಿನ ಹಿಡಿತ ತಪ್ಪದು. ಪಟ್ಟಿ ಆರಂಭವಾಗುವ ತುದಿಯನ್ನು ಸ್ಪ್ರಿಂಗುಗಳ ಮೇಲೆ ಕೂರಿಸಿದ್ದಾರೆ. ಚಕ್ರದ ಹಲ್ಲು ನೇರವಾಗಿ ಬಂದು ಪಟ್ಟಿಯ ಹಲ್ಲಿಗೆ ಬಡಿದರೂ ಪಟ್ಟಿ ಕೊಂಚ ತಗ್ಗಿ ದಾರಿಮಾಡಿಕೊಡುತ್ತದೆ. ಗಾಡಿ ಅಲ್ಲಿಗೆ ಬಂದಾಗ ನಡಿಗೆಗಿಂತಲೂ ಮೆಲ್ಲಗಾಗಿ, ಕಾಲಡಿಯಲ್ಲೊಂದು ಕಟಕಟ ಶಬ್ದವೆದ್ದು, ಅನಂತರ ಕೂನೂರಿನವರೆಗೂ ಅದು ಬಿಡದೆ ಕೇಳುತ್ತಿರುತ್ತದೆ.

ಇಂಜಿನ್ ಇರುವುದು ಮುಂದಲ್ಲ, ಹಿಂದೆ. ಕೊಂಡಿ ಕಳಚಿದರೂ ಬೋಗಿಗಳು ಕೆಳಕ್ಕೆ ಜಾರಿಹೋಗದಂತೆ ಅದು ಕೆಳಗಿನಿಂದಲೇ ತಳ್ಳುತ್ತದೆ. ಹಾಗಾಗಿ ಚಾಲಕನಿಗೆ ಮುಂದಿನ ಹಳಿ ಕಾಣದು. ಮುಂದಿನ ಬೋಗಿಯ ಮೊಗಸಾಲೆಯಲ್ಲಿ ನಿಂತ ಬ್ರೇಕ್ಸ್‌ಮನ್ ಕೆಂಪು ಹಸಿರು ಬಾವುಟಗಳನ್ನು ಹೊರಚಾಚಿ ಹಿಂದಿನವರಿಗೆ ತೋರಿಸಬೇಕು, ಹಿಂದಿನ ಬೋಗಿಯವನು ಅದನ್ನು ನೋಡಿ ತಾನೂ ತೋರಿಸಬೇಕು. ಒಂದೊಂದು ಬೋಗಿಗೂ ಅದರದೇ ಬ್ರೇಕು, ಅದಕ್ಕೊಬ್ಬ ಮನುಷ್ಯ. ಸ್ವಿಟ್ಜರ್ಲೆಂಡಿನ ವಿಂಟರ್‌ಟೂರಿನಲ್ಲಿ ತಯಾರಾದ ಎಕ್ಸ್ ವರ್ಗದ ಉಗಿ ಇಂಜಿನ್ನುಗಳು ಈ ಮಾರ್ಗದ ಪ್ರತಿಷ್ಠೆ. ಈಚಿನವನ್ನು ತಿರುಚಿರಾಪಳ್ಳಿಯ ಪೊನ್ಮಲೈ ಕಾರ್ಖಾನೆಯಲ್ಲಿ ಕಟ್ಟಿದ್ದಾರೆ. ಇಂಜಿನ್ನಿಗೆ ನಾಲ್ಕು ಸಿಲಿಂಡರುಗಳು: ಎರಡು ಸಾಮಾನ್ಯ ಚಕ್ರಗಳನ್ನು ತಿರುಗಿಸುತ್ತವೆ, ಅಲ್ಲಿ ದುಡಿದು ಹೊರಬಂದ ಉಗಿಯನ್ನೇ ಮತ್ತೆ ಬಳಸಿಕೊಂಡು ಉಳಿದೆರಡು ಹಲ್ಲುಚಕ್ರಗಳನ್ನು ತಿರುಗಿಸುತ್ತವೆ. ನೀರು ತುಂಬಿಸಲು ಹಿಲ್‌ಗ್ರೋವಿನಂಥ ಕಾಡಿನ ನಿಲ್ದಾಣಗಳಲ್ಲಿ ಗಾಡಿ ನಿಂತಾಗ ಪ್ರಯಾಣಿಕರೆಲ್ಲ ಇಳಿದು ಇಂಜಿನ್ನಿನ ಸುತ್ತ ನೆರೆಯುತ್ತಾರೆ. ಪೊಟ್ಟಣಗಳಿಗೆ ಕೋತಿಗಳೂ ನೆರೆಯುತ್ತವೆ. ಕೂನೂರಿನಲ್ಲಿ ಉಗಿಯಿಂದ ಡೀಸೆಲ್ಲಿಗೆ ಇಂಜಿನ್ ಬದಲಾಗುತ್ತದೆ. ಅಲ್ಲಿಂದ ಊಟಿಯವರೆಗಿನ ದಾರಿ ಚೆಲುವಾದದ್ದೇ, ಆದರೆ ಹಲ್ಲಿನ ಪಟ್ಟಿ ಮುಗಿದ ಮೇಲೆ ರೈಲುಪ್ರಿಯನ ಮನಸ್ಸು ಅರ್ಧ ಹಿಂದೆಯೇ ಉಳಿದಿರುತ್ತದೆ.

ಊಟಿಯಿಂದ ಮೈಸೂರಿಗೆ ಹಳಿಯಿಲ್ಲ. ಪೈಕಾರ, ನಡುವಟ್ಟಂ, ಗೂಡಲೂರಿನ ಮಾರ್ಗವಾಗಿ ಇಳಿಯುವ ಬಸ್ಸಿನಲ್ಲಿ ಚಾಲಕನ ಬಲಪಕ್ಕದ ತಿರುವುಗಳನ್ನು ನೋಡುತ್ತ ಕುಳಿತರೆ, ರಬ್ಬರಿನ ಚಕ್ರ ಡಾಮರನ್ನು ಹಿಡಿಯುವ ಬಿಗಿ ಉಕ್ಕಿನದಕ್ಕಿಂತ ಎರಡು ಮೂರು ಪಟ್ಟು ಹೆಚ್ಚೆಂಬ ಸಂಗತಿ ಪುಸ್ತಕದ ನೆರವಿಲ್ಲದೆ ಅರ್ಥವಾಗುತ್ತದೆ. ರೈಲಿಗೆ ನೂರಾರು ಮೀಟರು ಸುತ್ತಬೇಕಾದ ತಿರುವನ್ನು ಬಸ್ಸು ತನ್ನ ಉದ್ದದಷ್ಟೇ ಜಾಗದಲ್ಲಿ ತಿರುಗಿಬಿಡುತ್ತದೆ. ಅನುಭವಿ ಚಾಲಕನು ಇಳಿಜಾರಿನಲ್ಲಿ ಬ್ರೇಕನ್ನು ಹೆಚ್ಚಾಗಿ ತುಳಿಯದೆ ಗಾಡಿಯನ್ನು ಎರಡನೆಯ ಗೇರಿನಲ್ಲಿಯೇ ಹಿಡಿದಿಡುತ್ತಾನೆ. ತೆಪ್ಪಕಾಡನ್ನು ದಾಟಿದರೆ ಬಂಡೀಪುರ. ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಇಲ್ಲಿ ವಾಹನಗಳಿಗೆ ನಿರ್ಬಂಧವಿರುವುದರಿಂದ ಹೊರಡುವ ಹೊತ್ತನ್ನು ಅದಕ್ಕನುಗುಣವಾಗಿ ಗೊತ್ತುಮಾಡಿಕೊಳ್ಳಬೇಕು. ನಂಜನಗೂಡಿನಿಂದ ಈ ಕಾಡಿನ ಮಾರ್ಗವಾಗಿ ಕೇರಳಕ್ಕೆ ಹಳಿ ಹಾಕಬೇಕೆಂಬ ಮಾತು ಬಹಳ ಹಳೆಯದು. ರೈಲನ್ನು ಇಷ್ಟೊಂದು ಪ್ರೀತಿಸುವ ನಾನು ಈ ಒಂದು ಹಳಿಯನ್ನು ಮಾತ್ರ ಬಯಸೆನು: ಆನೆಗಳು ಬಸ್ಸು ಲಾರಿಗಳಿಂದಲೇ ಸಾಕಷ್ಟು ನೊಂದಿವೆ. ನಂಜನಗೂಡಿನಲ್ಲಿ ಕಪಿಲೆಗೆ ಅಡ್ಡಲಾಗಿ 1735ರಲ್ಲಿ ಕಟ್ಟಿದ ಕಲ್ಲಿನ ಸೇತುವೆಯನ್ನು ತಪ್ಪದೆ ನೋಡಬೇಕು. ಎತ್ತಿನ ಗಾಡಿಗಳಿಗಾಗಿ ಕಟ್ಟಿದ ಅದರ ಮೇಲೆ ಮುಂದೆ ಮೀಟರ್ ಗೇಜಿನ ರೈಲೂ ದಶಕಗಳ ಕಾಲ ಓಡಿತು.

ವಿಮಾನದ ಬಗ್ಗೆ ಹೇಳಬೇಕಾದುದು ಕಡಮೆ. ಬೆಂಗಳೂರಿನಿಂದ ಬಾಗ್ಡೋಗ್ರಾಕ್ಕೆ ಸುಮಾರು ಮೂರು ಗಂಟೆ. ರೈಲಿನಲ್ಲಾದರೆ ಎರಡು ದಿನಗಳಷ್ಟು. ಹಳಿಗಳು ಒಂದೂವರೆ ಶತಮಾನ ಹೆಣಗಿ ಗೆದ್ದ ಎತ್ತರಗಳನ್ನು ಅರ್ಧ ಗಂಟೆಯಲ್ಲಿ ನಿಕೃಷ್ಟ ಮಾಡಿ ಅದು ಮೇಲೆ ಹೋಗುತ್ತದೆ, ಆದರೆ ಹೇಗೆ ಹೋದೆನೆಂಬುದನ್ನು ಪ್ರಯಾಣಿಕನಿಗೆ ತೋರಿಸುವುದಿಲ್ಲ. ಹತ್ತು ದಿನಗಳಲ್ಲಿ ಎರಡು ಪರ್ವತರೈಲುಗಳನ್ನು ಸಾಧ್ಯವಾಗಿಸುವ ಉಪಕಾರ ಅದರದೇ ಆದುದರಿಂದ ದೂರುವಂತಿಲ್ಲ.

ಡಾರ್ಜಿಲಿಂಗಿನ ಮಾರ್ಗದಲ್ಲಿ ಹಲ್ಲಿನ ಪಟ್ಟಿಯೂ ಇಲ್ಲ, ದೊಡ್ಡ ಸುರಂಗಗಳೂ ಇಲ್ಲ. ಫ್ರಾಂಕ್ಲಿನ್ ಪ್ರೆಸ್ಟೇಜ್ ಎಂಬಾತನ ಯೋಜನೆಯಂತೆ 1879ರಿಂದ 1881ರೊಳಗೆ, ಆಗಲೇ ಇದ್ದ ಗಾಡಿರಸ್ತೆಯ ಅಂಚಿನಲ್ಲಿ ಎರಡಡಿಯ ಹಳಿಯನ್ನು ಹಾಸಿಬಿಟ್ಟರು. ಕಿರಿದಾದ ಗೇಜಿಗೆ ತಿರುವು ಎಷ್ಟು ಬಿಗಿಯಾಗಿದ್ದರೂ ನಡೆಯುತ್ತದೆ; ಅದೂ ಸಾಲದ ಕಡೆಯಲ್ಲಿ ಹಳಿ ತನ್ನನ್ನೇ ತಾನು ಸುತ್ತಿಕೊಂಡು ತನ್ನ ಮೇಲೆಯೇ ದಾಟುತ್ತದೆ; ಸುತ್ತಲೂ ಜಾಗವಿಲ್ಲದ ಕಡೆಯಲ್ಲಿ ಗಾಡಿ ಮುಂದೆ ಹೋಗಿ ಕೊನೆಗಟ್ಟಿದ ಹಳಿಯಲ್ಲಿ ನಿಲ್ಲುತ್ತದೆ, ಪಾಯಿಂಟು ಬದಲಾಯಿಸಿದ ಮೇಲೆ ಹಿಮ್ಮುಖವಾಗಿಯೇ ಇನ್ನಷ್ಟು ಮೇಲಕ್ಕೇರಿ ಮತ್ತೊಂದು ಕೊನೆಯಲ್ಲಿ ನಿಲ್ಲುತ್ತದೆ, ಆಮೇಲೆ ಪುನಃ ಮುಂದಕ್ಕೆ. ಮುಂದೆ ಹೋಗಲಾಗದಿದ್ದರೆ ಹಿಂದೆ ಬಾರೆಂದು ಇಂಜಿನಿಯರನ ಹೆಂಡತಿ ಹೇಳಿದಳೆಂಬ ಕಥೆಯೊಂದನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ಚೆನ್ನಾಗಿದೆಯೆಂಬುದಕ್ಕಿಂತ ಹೆಚ್ಚಿನ ಆಧಾರ ಅದಕ್ಕೆ ಬೇಕಾಗಿಲ್ಲ. 1889ರಿಂದ ಬಂದ ಬಿ ವರ್ಗದ ಉಗಿ ಇಂಜಿನ್ನುಗಳು ಈಗ ಮುಖ್ಯವಾಗಿ ಡಾರ್ಜಿಲಿಂಗ್ ಮತ್ತು ಘೂಮ್ ನಡುವಿನ ವಿಹಾರದ ಗಾಡಿಗಳಿಗೆ. ಇಂಜಿನ್ನಿನ ಮೂತಿಯ ಮೇಲೆ ಕುಳಿತ ಆಳು ಮುಷ್ಟಿಯಲ್ಲಿ ಮರಳು ಹಿಡಿದು, ಹಳಿ ಒದ್ದೆಯಾದಲ್ಲಿ ಚಕ್ರದ ಮುಂದೆ ತೂರುತ್ತಾನೆ. ಹಿಡಿತದ ಸಮಸ್ಯೆಗೆ ಸ್ವಿಟ್ಜರ್ಲೆಂಡಿನವರು ಅಷ್ಟೊಂದು ಯಂತ್ರಚಾತುರ್ಯವನ್ನು ವ್ಯಯಿಸಿದರೆ, ಇಲ್ಲಿ ಒಂದು ಹಿಡಿ ಮರಳಿನಿಂದ ಕೆಲಸ ನಡೆಯುತ್ತಿದೆ. ಕರ್ಸಿಯಾಂಗಿನ ಪೇಟೆಯಲ್ಲಿ ಗಾಡಿ ಅಂಗಡಿಗಳನ್ನು ಒರಸಿಕೊಂಡೇ ಹೋಗುವಾಗ, ತೂಗುಹಾಕಿದ ಸ್ವೆಟರುಗಳು ಕಿಟಕಿಯಿಂದ ಕೈಗೆಟುಕುತ್ತವೆ. ಅಂಗಡಿಯವನು ತಲೆ ಸಹ ಎತ್ತುವುದಿಲ್ಲ. 2258 ಮೀಟರ್ ಎತ್ತರದ ಘೂಮ್ ನಿಲ್ದಾಣದಿಂದ ಗಾಡಿ ಇಳಿಯತೊಡಗಿ, 1919ರಲ್ಲಿ ಕಟ್ಟಿದ ಬತಾಸಿಯಾ ಸುತ್ತನ್ನು ಹಾಕಿ ಡಾರ್ಜಿಲಿಂಗನ್ನು ಸೇರುತ್ತದೆ. ಯುನೆಸ್ಕೋ 1999ರಲ್ಲಿ ಈ ಮಾರ್ಗವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ನೀಲಗಿರಿಗೆ ಆ ಮಾನ್ಯತೆ ಬಂದದ್ದು 2005ರಲ್ಲಿ.

ಈ ಪುಟ್ಟ ರೈಲು ಹೊರಡುವ ನ್ಯೂ ಜಲ್‌ಪಾಯ್‌ಗುಡಿಯಿಂದ ಡಾರ್ಜಿಲಿಂಗಿಗೆ 88 ಕಿಲೋಮೀಟರಿಗೆ ಅದಕ್ಕೆ ಏಳು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ಬಾಡಿಗೆ ಜೀಪಿಗೆ ಮೂರು ಗಂಟೆ. ಏರುವಾಗ ರೈಲು, ಇಳಿಯುವಾಗ ಜೀಪು ಎಂಬುದು ಹಲವರ ಏರ್ಪಾಡು. ಮಳೆಗಾಲದಲ್ಲಿ ಇಲ್ಲಿಯೂ ನೀಲಗಿರಿಯಲ್ಲಿಯೂ ಗುಡ್ಡ ಕುಸಿದು ಗಾಡಿ ನಿಲ್ಲುವುದುಂಟಾದ್ದರಿಂದ ಡಿಸೆಂಬರಿನಿಂದ ಮಾರ್ಚಿನವರೆಗಿನ ಕಾಲವನ್ನು ಆರಿಸಿಕೊಳ್ಳುವುದೂ, ಎರಡೂ ಕಡೆಯ ಟಿಕೆಟ್ಟುಗಳನ್ನು ಬಹಳ ಮುಂಚಿತವಾಗಿ ಕಾದಿರಿಸಿ, ವಿಮಾನದ ಟಿಕೆಟ್ಟನ್ನು ಅವು ಕೈಗೆ ಬಂದ ಮೇಲೆಯೇ ಕೊಳ್ಳುವುದೂ ಲೇಸು.